ಮೊದಲು ಹೆಸರು ಕೇಳೋಣ



ನಮ್ಮ ಕಡೆ ಜೂನ್ ತಿಂಗಳೆಂದರೆ ಮಳೆಯ ತಿಂಗಳು ಮಾತ್ರವಲ್ಲ, ಹೊಸ ಪರಿಚಯಗಳ ತಿಂಗಳು ಕೂಡ. ಮಗ ಉಜಿರೆಯ ಕಾಲೇಜಿಗೆ ಸೇರುತ್ತಾನೆ, ಮಗಳು ಮಂಗಳೂರಿನ ಹಾಸ್ಟೆಲಿಗೆ ಹೋಗುತ್ತಾಳೆ. ಮೇ ತಿಂಗಳಲ್ಲಿ ಮದುವೆಯಾಗಿ ಬಂದ ಸೊಸೆ ಮೊದಲ ಬಾರಿಗೆ ವಾಳೆಯ ನೆರೆಕರೆಯವರ ನಡುವೆ ಕುಳಿತುಕೊಳ್ಳುತ್ತಾಳೆ. ವರ್ಗವಾಗಿ ಬಂದ ಗುರುಗಳು ಪೀಠದ ಬಳಿ ನಿಂತು ಹೊಸ ಮುಖಗಳನ್ನು ನೋಡುತ್ತಾರೆ. ಆ ಮುಖಗಳೂ ಅವರನ್ನು ಅಳೆದು ತೂಗಿ ನೋಡುತ್ತಿರುತ್ತವೆ!

ಇತ್ತೀಚೆಗೆ ಯುವಜನರ ಸಭೆಯೊಂದರಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಫಾದರ್, ಬರುವ ವಾರ ನನಗೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇದೆ. ನಾನು ಒಳಗೆ ಹೋದ ಕೂಡಲೇ ಅವರಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಬೇಕು. ಏನು ಮಾಡಲಿ?"

ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಶುಭ್ರವಾದ ಬಟ್ಟೆ ಧರಿಸು, ಕಾಲು ಗಂಟೆ ಮೊದಲೇ ಹೋಗು, ಮುಖದಲ್ಲಿ ನಗು ಇರಲಿ, ಕಣ್ಣಿಟ್ಟು ಮಾತನಾಡು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಸಭೆ ಮುಗಿಸಿ ಬರುವಾಗ ನನಗೆ ಸಮಾಧಾನವಿರಲಿಲ್ಲ. ಮೊದಲ ಭೇಟಿಯ ಬಗ್ಗೆ ನಾನು ಕಲಿತ ನಿಜವಾದ ಪಾಠವನ್ನು ಆ ಮಕ್ಕಳಿಗೆ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಅಂಗಿ

ನಾನು ಕೊಕ್ಕಡದ ಪರಿಸರಕ್ಕೆ ಬಂದ ಹೊಸತರಲ್ಲಿ ಮನೆ ಭೇಟಿ ಆರಂಭಿಸಿದ್ದೆ. ಒಂದು ಸಂಜೆ ಐದಾರು ಮನೆ ಮುಗಿಸಿ ಇನ್ನೊಂದು ಮನೆಯ ಅಂಗಳಕ್ಕೆ ಕಾಲಿಟ್ಟೆ. ಜಗಲಿಯಲ್ಲಿ ಕುರ್ಚಿಯ ಮೇಲೆ ಮೂವತ್ತರ ಆಸುಪಾಸಿನ ಒಬ್ಬ ಯುವಕ ಕುಳಿತಿದ್ದ. ಕೈಕಾಲುಗಳಲ್ಲಿ ಬಲವಿಲ್ಲ, ಕತ್ತು ಒಂದು ಬದಿಗೆ ವಾಲಿತ್ತು.

ಈ ಊರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿನ ಸರಕಾರಿ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1980ರ ದಶಕದಿಂದ ಹಲವು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಷ್ಟೋ ಮನೆಗಳಲ್ಲಿ ಇಂದು ಹಾಸಿಗೆ ಹಿಡಿದ ಮಕ್ಕಳಿದ್ದಾರೆ. ಆ ಮಕ್ಕಳೊಂದಿಗೆ ಮುದುಕರಾಗುತ್ತಿರುವ ತಾಯಂದಿರಿದ್ದಾರೆ. ಊರಿನ ಜನ ವರ್ಷಗಟ್ಟಲೆ ಹೋರಾಡಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷದ ತಯಾರಿ, ಮಾರಾಟ ಮತ್ತು ಬಳಕೆಗೆ ತಡೆ ಹಾಕಿತು. ಆದರೆ ಜಗಲಿಯ ಕುರ್ಚಿಗಳು ಖಾಲಿಯಾಗಿಲ್ಲ.

ಈಗ ನಾನು ಮಾಡಿದ್ದನ್ನು ಕೇಳಿ. ನಾನು ಆ ಯುವಕನ ಪಕ್ಕದಲ್ಲೇ ಕುಳಿತೆ. ಆದರೆ ಅವನ ತಲೆಯ ಮೇಲಿನಿಂದ ತಾಯಿಯನ್ನು ಕೇಳಿದೆ: "ಇವನಿಗೆ ಎಷ್ಟು ವರ್ಷ? ಮಾತು ಬರುತ್ತದೆಯೇ? ಊಟ ಯಾರು ಮಾಡಿಸುವುದು?" ತಾಯಿ ಒಂದೊಂದಕ್ಕೂ ಉತ್ತರ ಕೊಟ್ಟರು. ನಾನು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ತಾಯಿಗೆ ನಾಲ್ಕು ಸಾಂತ್ವನದ ಮಾತು ಹೇಳಿದೆ. ಚಹಾ ಬೇಡವೆಂದು ಹೇಳಿ ಮುಂದಿನ ಮನೆಗೆ ಹೋದೆ. ನನ್ನ ಕರ್ತವ್ಯ ಚೆನ್ನಾಗಿ ಮಾಡಿದೆನೆಂದೇ ನನ್ನ ಎಣಿಕೆಯಾಗಿತ್ತು.

ಎರಡು ತಿಂಗಳ ಬಳಿಕ ಆ ತಾಯಿ ಯಾವುದೋ ಕಾಗದಕ್ಕಾಗಿ ಗುರುನಿವಾಸಕ್ಕೆ ಬಂದರು. ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲನೆ ಹೇಳಿದರು: "ಫಾದರ್, ಬೇಸರ ಮಾಡಬೇಡಿ. ಹೊಸ ಫಾದರ್ ಬರುತ್ತಾರೆಂದು ಅವನು ಆ ದಿನ ಬೆಳಿಗ್ಗೆಯಿಂದ ಹಟ ಮಾಡಿ ಹೊಸ ಅಂಗಿ ಹಾಕಿಸಿಕೊಂಡಿದ್ದ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ನಿಧಾನ. ನೀವು ಅವನ ಹೆಸರು ಕೇಳಲಿಲ್ಲ. ನೀವು ಹೋದ ಮೇಲೆ ಅಂಗಿ ತೆಗೆ ಎಂದ."

ಪ್ರಿಯರೇ, ಮೊದಲ ಭೇಟಿಯಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿಸಲು ಬೆಳಿಗ್ಗೆಯಿಂದ ಸಿದ್ಧನಾಗಿದ್ದವನು ಅವನು. ನಾನು ಅವನನ್ನು ಕಂಡಿರಲೇ ಇಲ್ಲ. ಅವನ ಕಾಯಿಲೆಯನ್ನು ಮಾತ್ರ ಕಂಡಿದ್ದೆ.

ಕಣ್ಣಿನ ಅವಸರ

ಹೀಗೇಕೆ ಆಗುತ್ತದೆ? ನಮ್ಮ ಕಣ್ಣು ಮನಸ್ಸಿಗಿಂತ ಅವಸರದ್ದು. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅಪರಿಚಿತರ ಮುಖದ ಚಿತ್ರಗಳನ್ನು ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಮಾತ್ರ ತೋರಿಸಿದರೂ, ಈತ ನಂಬಿಕೆಗೆ ಯೋಗ್ಯನೇ, ಸಮರ್ಥನೇ ಎಂದು ಜನ ತೀರ್ಮಾನಿಸಿಬಿಡುತ್ತಿದ್ದರು. ಹೆಚ್ಚು ಹೊತ್ತು ತೋರಿಸಿದಾಗಲೂ ತೀರ್ಮಾನ ಹೆಚ್ಚೇನೂ ಬದಲಾಗಲಿಲ್ಲ. ತಮ್ಮ ತೀರ್ಮಾನವೇ ಸರಿ ಎಂಬ ಧೈರ್ಯ ಮಾತ್ರ ಹೆಚ್ಚಿತು!

ಇದಕ್ಕೂ ಮೊದಲು 1946ರಲ್ಲಿ ಸೊಲೊಮನ್ ಆಶ್ ಎಂಬ ವಿದ್ವಾಂಸರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದ್ದರು. ಒಬ್ಬ ವ್ಯಕ್ತಿಯ ಏಳು ಗುಣಗಳ ಪಟ್ಟಿಯನ್ನು ವಿದ್ಯಾರ್ಥಿಗಳ ಎರಡು ಗುಂಪುಗಳಿಗೆ ಓದಿ ಹೇಳಿದರು. ಬುದ್ಧಿವಂತ, ಪರಿಶ್ರಮಿ, ಜಾಗರೂಕ ಮುಂತಾದ ಆರು ಗುಣಗಳು ಎರಡರಲ್ಲೂ ಒಂದೇ. ಒಂದು ಗುಂಪಿಗೆ ಅವನು ಆತ್ಮೀಯ ಸ್ವಭಾವದವನು ಎಂದರು, ಇನ್ನೊಂದಕ್ಕೆ ತಣ್ಣನೆಯ ಸ್ವಭಾವದವನು ಎಂದರು. ಆ ಒಂದೇ ಶಬ್ದದಿಂದ ಇಡೀ ಚಿತ್ರವೇ ಬದಲಾಯಿತು. ಮೊದಲ ಗುಂಪಿನ ಹೆಚ್ಚಿನವರು ಅವನನ್ನು ಉದಾರಿ, ಹಸನ್ಮುಖಿ ಎಂದು ಎಣಿಸಿದರು. ಎರಡನೆಯ ಗುಂಪಿನಲ್ಲಿ ಹಾಗೆ ಎಣಿಸಿದವರು ಕಡಿಮೆ.

ಇದರಿಂದ ಎರಡು ಪಾಠಗಳಿವೆ. ಒಂದು, ನಮ್ಮ ಮೊದಲ ತೀರ್ಪನ್ನು ನಾವೇ ಪೂರ್ತಿ ನಂಬಬಾರದು. ಎರಡು, ಜನರು ನಮ್ಮಲ್ಲಿ ಜಾಣತನವನ್ನಷ್ಟೇ ಹುಡುಕುವುದಿಲ್ಲ, ಆತ್ಮೀಯತೆಯನ್ನೂ ಹುಡುಕುತ್ತಾರೆ.

ಮೊದಲನೆಯ ಪಾಠವನ್ನು ಪವಿತ್ರ ಗ್ರಂಥ ಬಹಳ ಹಿಂದೆಯೇ ಕಲಿಸಿದೆ. ಸಮುವೇಲನ ಮೊದಲನೆಯ ಗ್ರಂಥದ 16ನೇ ಅಧ್ಯಾಯವನ್ನು ಓದಿ. ಇಸ್ರಯೇಲಿಗೆ ಹೊಸ ಅರಸನನ್ನು ಅಭಿಷೇಕಿಸಲು ಬಂದ ಪ್ರವಾದಿ ಸಮುವೇಲನು ಜೆಸ್ಸೆಯನ ಹಿರಿಯ ಮಗನ ಎತ್ತರ, ರೂಪ ನೋಡಿ ಇವನೇ ಸರಿ ಎಂದುಕೊಂಡ. ಪ್ರವಾದಿಯ ಕಣ್ಣೇ ಮೋಸಹೋಯಿತು! ದೇವರು ಆರಿಸಿದ್ದು ಕುರಿ ಕಾಯಲು ಹೋಗಿದ್ದ ಕಿರಿಯವನನ್ನು. ಅವನನ್ನು ಮನೆಯವರು ಕರೆದು ತೋರಿಸಿಯೂ ಇರಲಿಲ್ಲ.

ಪ್ರಭು ಯೇಸು ಹೇಗೆ ಪರಿಚಯ ಮಾಡಿಕೊಂಡರು?

ಎರಡನೆಯ ಪಾಠಕ್ಕಾಗಿ ಪ್ರಭುವಿನ ಬಳಿ ಹೋಗೋಣ. ಅವರ ಮೊದಲ ಭೇಟಿಗಳನ್ನು ಮಾತ್ರ ಆರಿಸಿಕೊಂಡು ಶುಭಸಂದೇಶಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರು ಎಲ್ಲಿಯೂ ತಮ್ಮನ್ನು ತೋರಿಸಿಕೊಳ್ಳಲು ಅವಸರ ಮಾಡುವುದಿಲ್ಲ. ಎದುರಿಗಿರುವವರನ್ನು ಕಾಣಲು ಅವಸರ ಮಾಡುತ್ತಾರೆ.

ಜೆರಿಕೋ ಪಟ್ಟಣದ ದಾರಿಯಲ್ಲಿ ಕುರುಡ ಭಿಕ್ಷುಕನೊಬ್ಬ ಕೂಗುತ್ತಾನೆ (ಮಾರ್ಕ 10). ಜನ ಅವನನ್ನು ಸುಮ್ಮನಿರಿಸಲು ನೋಡುತ್ತಾರೆ. ಯೇಸು ನಿಲ್ಲುತ್ತಾರೆ, ಅವನನ್ನು ಕರೆಸುತ್ತಾರೆ. ಆಮೇಲೆ ಸುತ್ತಲಿನವರನ್ನು ವಿಚಾರಿಸದೆ, ನಿನಗೆ ನಾನೇನು ಮಾಡಬೇಕು ಎಂದು ಅವನನ್ನೇ ಕೇಳುತ್ತಾರೆ. ಕುರುಡನಿಗೆ ಏನು ಬೇಕೆಂದು ಯಾರಿಗೆ ಗೊತ್ತಿಲ್ಲ? ಆದರೂ ಅದನ್ನು ಅವನ ಬಾಯಿಂದ ಕೇಳುವುದೇ ಅವನಿಗೆ ಕೊಡುವ ಗೌರವ. ಪ್ರಭುವಿನಿಂದ ಗುಣಹೊಂದಿದ ಹೆಚ್ಚಿನವರ ಹೆಸರು ಶುಭಸಂದೇಶಗಳಲ್ಲಿಲ್ಲ. ಆದರೆ ಸಂತ ಮಾರ್ಕನು ಇವನ ಹೆಸರನ್ನು, ತಂದೆಯ ಹೆಸರಿನ ಸಮೇತ, ಬರೆದಿಟ್ಟಿದ್ದಾನೆ: ತಿಮಾಯನ ಮಗ ಬಾರ್ತಿಮಾಯ. ಈ ಭಾಗವನ್ನು ನಾನು ಎಷ್ಟೋ ಬಾರಿ ಪೀಠದಿಂದ ಬೋಧಿಸಿದ್ದೆ. ಆ ಜಗಲಿಯಲ್ಲಿ ಮಾತ್ರ ನೆನಪಾಗಲಿಲ್ಲ.

ಸಮಾರ್ಯದ ಬಾವಿಯ ಬಳಿ ಅಪರಿಚಿತ ಹೆಂಗಸಿನೊಡನೆ ಪ್ರಭು ಮಾತು ಆರಂಭಿಸಿದ್ದು ಉಪದೇಶದಿಂದಲ್ಲ, ಕುಡಿಯಲು ನೀರು ಕೇಳುವುದರಿಂದ (ಯೊವಾನ್ನ 4). ಮೇಲಿನಿಂದ ಕೊಡುವವರಾಗಿ ಅವರು ಬರಲಿಲ್ಲ; ಅವಳ ಕೈಯಿಂದ ಪಡೆಯುವವರಾಗಿ ಬಂದರು. ಹಾಗಾಗಿ ಅವಳಿಗೆ ಮಾತನಾಡಲು ಧೈರ್ಯ ಬಂತು.

ಇದಕ್ಕೆ ನಮ್ಮ ಕಾಲದ ಒಂದು ಉದಾಹರಣೆ ಕೊಡುತ್ತೇನೆ. 2013ರ ಮಾರ್ಚ್ 13ರ ರಾತ್ರಿ ಹೊಸದಾಗಿ ಆಯ್ಕೆಯಾದ ಪೋಪ್ ಫ್ರಾನ್ಸಿಸ್‌ರವರು ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಗೆ ಬಂದರು. ಲೋಕಕ್ಕೆಲ್ಲ ಅವರ ಮೊದಲ ದರ್ಶನ. ಅವರು ಆರಂಭಿಸಿದ್ದು ಸಾದಾ ಜನರಂತೆ ಶುಭಸಂಜೆ ಹೇಳಿ. ಜನರನ್ನು ಆಶೀರ್ವದಿಸುವ ಮೊದಲು, ನನಗಾಗಿ ಪ್ರಾರ್ಥಿಸಿರಿ ಎಂದು ಬೇಡಿ ತಲೆಬಾಗಿ ಮೌನವಾಗಿ ನಿಂತರು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದಾಗಲೂ ಅನೇಕರು ನೆನಪಿಸಿಕೊಂಡದ್ದು ಆ ಬಾಗಿದ ತಲೆಯನ್ನೇ.

ಇದು ಉಪಚಾರವಲ್ಲ, ಸಾಲ

"ಸೌಜನ್ಯವೆಲ್ಲ ಹೊರಗಿನ ಅಲಂಕಾರ ಫಾದರ್, ಮನಸ್ಸು ಒಳ್ಳೆಯದಿದ್ದರೆ ಸಾಕು" ಎಂದು ಕೆಲವರು ಹೇಳುವುದುಂಟು. ಸಂತ ಥಾಮಸ್ ಅಕ್ವಿನಾಸರು ಇದನ್ನು ಒಪ್ಪುವುದಿಲ್ಲ. ಹದಿಮೂರನೇ ಶತಮಾನದ ಈ ಮಹಾಪಂಡಿತರು ತಮ್ಮ 'ಸುಮ್ಮಾ ಥಿಯೊಲಾಜಿಕಾ' ಗ್ರಂಥದಲ್ಲಿ ಸ್ನೇಹಶೀಲತೆಗೆಂದೇ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿದ್ದಾರೆ. ಅವರು ಅದನ್ನು ನ್ಯಾಯವೆಂಬ ಸದ್ಗುಣದ ಜೊತೆಗೆ ಸೇರಿಸುತ್ತಾರೆಂಬುದು ಗಮನಾರ್ಹ. ಅಂದರೆ ಎದುರಿಗೆ ಬಂದವರೊಡನೆ ಹಿತವಾಗಿ ನಡೆದುಕೊಳ್ಳುವುದು ನಾವು ಅವರಿಗೆ ತೋರುವ ದಾಕ್ಷಿಣ್ಯವಲ್ಲ, ಅವರಿಗೆ ಸಲ್ಲಬೇಕಾದ ಸಾಲ. ಸತ್ಯವಿಲ್ಲದೆ ಮನುಷ್ಯರು ಕೂಡಿ ಬಾಳಲಾರರು. ಹಾಗೆಯೇ ಹಿತವಾದ ನಡತೆಯಿಲ್ಲದೆಯೂ ಬಾಳಲಾರರು ಎಂಬುದು ಅವರ ವಾದ.

ಈ ಸದ್ಗುಣದ ಎರಡು ಬದಿಯಲ್ಲೂ ಎರಡು ಹಳ್ಳಗಳಿವೆ ಎಂದು ಅವರು ಎಚ್ಚರಿಸುತ್ತಾರೆ. ಒಂದು ಮುಖಸ್ತುತಿ, ಇನ್ನೊಂದು ಜಗಳಗಂಟತನ. ಎಲ್ಲರನ್ನೂ ಮೆಚ್ಚಿಸಲು ಹೋಗುವವನು ಮೊದಲನೆಯದರಲ್ಲಿ ಬೀಳುತ್ತಾನೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ಮೊದಲ ದಿನವೇ ಮುಖ ಮುರಿಯುವವನು ಎರಡನೆಯದರಲ್ಲಿ. ಇನ್ನೊಂದು ಸೂಕ್ಷ್ಮ ಮಾತನ್ನೂ ಅವರು ಹೇಳಿದ್ದಾರೆ: ಅಪರಿಚಿತನಿಗೆ ಆಪ್ತ ಗೆಳೆಯನ ಸಲಿಗೆ ತೋರಿಸಬೇಕಾಗಿಲ್ಲ. ಮನುಷ್ಯನಿಗೆ ಮನುಷ್ಯ ತೋರಿಸಬೇಕಾದ ಸಾಮಾನ್ಯ ಪ್ರೀತಿ ಸಾಕು. ಮೊದಲ ಭೇಟಿಯಲ್ಲೇ ಹೆಗಲ ಮೇಲೆ ಕೈಹಾಕಿ ಮನೆಯ ಗುಟ್ಟು ಕೇಳುವವರಿಗೆ ಇದು ಒಳ್ಳೆಯ ಕಿವಿಮಾತು.

ಇದೇ ಥಾಮಸರು ವಿದ್ಯಾರ್ಥಿಯಾಗಿದ್ದಾಗ ಅವರ ದಪ್ಪ ಮೈ ಮತ್ತು ಮೌನವನ್ನು ನೋಡಿ ಸಹಪಾಠಿಗಳು ಮೂಕ ಎತ್ತು ಎಂದು ಗೇಲಿ ಮಾಡುತ್ತಿದ್ದರಂತೆ. ಅವರ ಗುರು ಸಂತ ಮಹಾ ಆಲ್ಬರ್ಟರು ಮಾತ್ರ ಆ ಮೌನದ ಒಳಗೆ ಏನಿದೆಯೆಂದು ಕಂಡರು. ಎಲ್ಲರೂ ಮೊದಲ ನೋಟಕ್ಕೇ ಜೋತುಬಿದ್ದಿದ್ದರೆ ಧರ್ಮಸಭೆಗೆ ಎಂತಹ ನಷ್ಟವಾಗುತ್ತಿತ್ತು!

ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ, ಬಂದ ಪ್ರತಿ ಅತಿಥಿಯನ್ನೂ ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕು ಎಂದು ವಿಧಿಸಿದರು. ಬಡವರನ್ನೂ ಯಾತ್ರಿಕರನ್ನೂ ವಿಶೇಷವಾಗಿ ಆದರಿಸಬೇಕು ಎಂದರು. ಏಕೆಂದರೆ ಶ್ರೀಮಂತರಿಗೆ ಗೌರವ ತಾನಾಗಿಯೇ ಸಿಗುತ್ತದೆ. ನಮ್ಮ ನಾಡಿನ ಬಸವಣ್ಣನವರೂ ಬಂದವರ ಕ್ಷೇಮ ವಿಚಾರಿಸಿ ಕುಳ್ಳಿರಿಸುವುದರಿಂದ ನಷ್ಟವೇನೂ ಇಲ್ಲವೆಂದು ಒಂದು ವಚನದಲ್ಲಿ ತಿಳಿಹೇಳಿದ್ದಾರೆ.

ನಮ್ಮ ಊರಿನಲ್ಲಿ ಇದನ್ನು ಹೇಗೆ ಪಾಲಿಸೋಣ?

ಕೊಕ್ಕಡದವರಿಗೆ ಅಪರಿಚಿತರು ಹೊಸಬರಲ್ಲ. ಪೆರಿಯಶಾಂತಿಯಿಂದ ಧರ್ಮಸ್ಥಳಕ್ಕೆ ಹೋಗುವ ವಾಹನಗಳು ನಮ್ಮ ಪೇಟೆಯ ಮೂಲಕವೇ ಹಾಯುತ್ತವೆ. ಗುಡಿ, ಗೋಡೆ, ಮಾಡು ಯಾವುದೂ ಇಲ್ಲದೆ ಬಯಲಿನಲ್ಲೇ ಇರುವ ಸೌತಡ್ಕದ ಗಣಪತಿಗೆ ಗಂಟೆ ಒಪ್ಪಿಸಲು ದೂರದೂರದವರು ಬರುತ್ತಾರೆ. ಊರೊಳಗೂ ಒಂದೇ ಭಾಷೆಯಿಲ್ಲ: ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಕನ್ನಡ. ಕೇರಳದಿಂದ ಬಂದು ರಬ್ಬರ್ ಬೆಳೆಸಿದ ಸಿರೋ-ಮಲಬಾರ್ ಸಹೋದರರಿಗೆ 1999ರಲ್ಲಿ ಬೆಳ್ತಂಗಡಿಯಲ್ಲಿ ಸ್ವಂತ ಧರ್ಮಪ್ರಾಂತ್ಯವೇ ಸ್ಥಾಪನೆಯಾಯಿತು. ಒಂದೇ ವಿಶ್ವಾಸ, ಒಂದೇ ಬಸ್ಸು, ಒಂದೇ ಸಂತೆ. ಆದರೂ ಅಕ್ಕಪಕ್ಕದಲ್ಲಿ ಹತ್ತು ವರ್ಷ ಇದ್ದು ಪರಸ್ಪರ ಹೆಸರು ತಿಳಿಯದ ಮನೆಗಳಿವೆ. ಆದ್ದರಿಂದ ಕೆಲವು ಸಣ್ಣ ಅಭ್ಯಾಸಗಳನ್ನು ನಿಮ್ಮ ಮುಂದಿಡುತ್ತೇನೆ.

1. ಮೊದಲು ಹೆಸರು ಕೇಳಿ, ಆಮೇಲೆ ಉಳಿದದ್ದು. ನಮ್ಮಲ್ಲಿ ಮೊದಲ ಪ್ರಶ್ನೆಯೇ "ನೀವು ಯಾವ ಜನ? ಸಂಬಳ ಎಷ್ಟು? ಇನ್ನೂ ಮಕ್ಕಳಾಗಲಿಲ್ಲವೇ?" ಇವು ಪರಿಚಯವಲ್ಲ, ಪೊಲೀಸ್ ವಿಚಾರಣೆ. ಹೆಸರು ಕೇಳಿ, ಒಮ್ಮೆ ಬಾಯಿಬಿಟ್ಟು ಹೇಳಿ, ಮುಂದಿನ ಸಲ ನೆನಪಿಟ್ಟು ಕರೆಯಿರಿ.

2. ಯಾರ ವಿಷಯವೋ ಅವರೊಡನೆಯೇ ಮಾತನಾಡಿ. ಕಣ್ಣು ಕಾಣದವರು, ಕಿವಿ ಕೇಳಿಸದವರು, ನಡೆಯಲಾಗದವರು, ವೃದ್ಧರು, ಮಕ್ಕಳು ಎದುರಿಗಿರುವಾಗ ಅವರ ಬಗ್ಗೆ ಪಕ್ಕದವರನ್ನು ಕೇಳಬೇಡಿ. ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಅವರನ್ನೇ ಕೇಳಿ. ಉತ್ತರ ನಿಧಾನವಾಗಿ ಬಂದರೆ ಕಾಯಿರಿ. ಮಾತು ಬಾರದವರು ಕಣ್ಣಿನಿಂದ, ಬೆರಳಿನಿಂದ ಉತ್ತರಿಸುತ್ತಾರೆ. ಅಯ್ಯೋ ಪಾಪ ಎಂಬ ಮಾತನ್ನು ನುಂಗಿಕೊಳ್ಳಿ.

3. ಅವರ ಭಾಷೆಯ ಒಂದಾದರೂ ಮಾತು ಕಲಿಯಿರಿ. ತುಳುವರ ಮನೆಯಲ್ಲಿ "ಒಣಸ್ ಆಂಡಾ?", ಮಲಯಾಳಿಗಳ ಮನೆಯಲ್ಲಿ "ಸುಖಮಾಣೋ?" ಎಂದರೆ ಉಚ್ಚಾರ ತಪ್ಪಿದರೂ ಮುಖ ಅರಳುತ್ತದೆ. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದ ಸೊಸೆಗೆ ಕೊಂಕಣಿ ಬರುವುದಿಲ್ಲವೆಂದು ಅವಳ ಮುಂದೆ ನಗಬೇಡಿ. ಅವಳಿಂದ ನೀವೂ ನಾಲ್ಕು ಮಾತು ಕಲಿಯಿರಿ.

4. ಸ್ವೀಕರಿಸಲು ಕಲಿಯಿರಿ. ಬಡವರ ಮನೆಯಲ್ಲಿ ಕೊಟ್ಟ ಬೆಲ್ಲ ನೀರನ್ನು, ಚಹಾವನ್ನು ಬೇಡವೆನ್ನಬೇಡಿ. ನಾವು ತೆಗೆದುಕೊಂಡಾಗ ಕೊಟ್ಟವರು ತಲೆಯೆತ್ತಿ ಕುಳಿತುಕೊಳ್ಳುತ್ತಾರೆ. ಪ್ರಭು ಬಾವಿಯ ಬಳಿ ಕಲಿಸಿದ್ದು ಇದನ್ನೇ. ಆ ಸಂಜೆ ನಾನು ಬೇಡವೆಂದ ಚಹಾ ಈಗಲೂ ನನ್ನ ಮನಸ್ಸಿನಲ್ಲಿದೆ.

5. ಹೊರಗಿನ ಅಚ್ಚುಕಟ್ಟನ್ನು ಕಡೆಗಣಿಸಬೇಡಿ. ಒಗೆದ ಬಟ್ಟೆ, ಬಾಚಿದ ತಲೆ, ಹೇಳಿದ ಸಮಯಕ್ಕೆ ಹಾಜರಿ, ಜೇಬಿನಲ್ಲೇ ಉಳಿದ ಮೊಬೈಲು, ಇವೆಲ್ಲ ನಿಮ್ಮನ್ನು ಕಾಣುವುದು ನನಗೆ ಮುಖ್ಯ ಎಂದು ಬಾಯಿಬಿಡದೆ ಹೇಳುವ ಮಾತುಗಳು. ಆ ಯುವಕನ ಹೊಸ ಅಂಗಿ ಹೇಳಿದ್ದೂ ಅದನ್ನೇ.

6. ಇಲ್ಲದ್ದನ್ನು ತೋರಿಸಬೇಡಿ. ಇಂಟರ್‌ವ್ಯೂನಲ್ಲಾಗಲಿ, ಹೆಣ್ಣು ನೋಡುವ ದಿನವಾಗಲಿ ಸುಳ್ಳಿನಿಂದ ಕಟ್ಟಿದ ಒಳ್ಳೆಯ ಅಭಿಪ್ರಾಯ ಮೊದಲ ಮಳೆಗೇ ಸೋರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಕಲಿಯುತ್ತೇನೆ ಎನ್ನಿ.

ಆ ಹುಡುಗಿಗೂ ಈಗ ಉತ್ತರ ಕೊಡುತ್ತೇನೆ. ಮಗಳೇ, ನಾನು ಹೇಳಿದ ಪಟ್ಟಿ ಇರಲಿ. ಆದರೆ ಆ ಕೋಣೆಗೆ ಹೋಗುವಾಗ ಅವರು ನನ್ನನ್ನು ಹೇಗೆ ಕಾಣುತ್ತಾರೋ ಎಂಬ ಭಯವನ್ನು ಸ್ವಲ್ಪ ಬದಿಗಿಡು. ಅಲ್ಲಿ ಕುಳಿತವರೂ ಮನುಷ್ಯರು, ಅವರಿಗೂ ದಣಿವಿದೆ, ಅವರಿಗೂ ಹೆಸರಿದೆ. ಅವರ ಪ್ರಶ್ನೆಯನ್ನು ಪೂರ್ತಿ ಕೇಳು. ಬಾಗಿಲ ಬಳಿಯ ಕಾವಲುಗಾರನಿಗೂ ಒಳಗಿನ ಅಧಿಕಾರಿಗೂ ಒಂದೇ ರೀತಿ ನಮಸ್ಕರಿಸು. ಕೆಲಸ ಸಿಗಲಿ, ಸಿಗದಿರಲಿ, ನೀನು ಚಿಕ್ಕವಳಾಗುವುದಿಲ್ಲ.

ಮೊದಲ ಭೇಟಿ ಕೆಟ್ಟಿದ್ದರೆ?

ಆ ತಾಯಿ ಗುರುನಿವಾಸದಿಂದ ಹೋದ ಮೇಲೆ ನನಗೆ ಪೂಜೆಯ ಆರಂಭದ ಪಾಪನಿವೇದನೆ ಬೇರೆಯೇ ಆಗಿ ಕೇಳಿಸತೊಡಗಿತು. ಕರ್ತವ್ಯಲೋಪವೂ ಪಾಪವೆಂದು ಅಲ್ಲಿ ಒಪ್ಪಿಕೊಳ್ಳುತ್ತೇವಲ್ಲವೇ? ಮಾಡಿದ ತಪ್ಪನ್ನು ಲೆಕ್ಕ ಹಾಕುವುದು ಸುಲಭ. ಕೇಳದೆ ಬಿಟ್ಟ ಹೆಸರನ್ನು ಲೆಕ್ಕ ಹಾಕುವುದು ಕಷ್ಟ.

ಆ ವಾರವೇ ನಾನು ಪುನಃ ಆ ಮನೆಗೆ ಹೋದೆ. ಈ ಸಲ ಅವನ ಮುಂದೆ ಮಣೆ ಹಾಕಿಸಿಕೊಂಡು ಕುಳಿತೆ. ನನ್ನ ಹೆಸರು ಹೇಳಿದೆ, ಅವನ ಹೆಸರು ಕೇಳಿದೆ. ಅವನು ಮುಖ ತಿರುಗಿಸಿದ. ತಾಯಿ ಅವನ ಪರವಾಗಿ ಹೇಳಲು ಬಾಯಿ ತೆರೆದಾಗ ಬೇಡವೆಂದು ಸನ್ನೆ ಮಾಡಿದೆ. ಬಹಳ ಹೊತ್ತಾಯಿತು. ಅವನು ಹೇಳಲಿಲ್ಲ. "ಮೊದಲ ಸಲ ಬಂದಾಗ ನಾನು ನಿನ್ನೊಡನೆ ಮಾತನಾಡಲಿಲ್ಲ, ತಪ್ಪಾಯಿತು" ಎಂದು ಹೇಳಿ, ಚಹಾ ಕುಡಿದು ಬಂದೆ.

ಮೂರನೆಯ ಸಲವೂ ಹೇಳಲಿಲ್ಲ. ನಾಲ್ಕನೆಯ ಸಲ ಹೋದಾಗ ನಾನು ಕುಳಿತ ಕೂಡಲೇ, ಕೇಳುವ ಮೊದಲೇ, ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿದ. ಅದು ಒಬ್ಬ ಸಂತನ ಹೆಸರು. ಸಾವಿರ ಸಲ ಕೇಳಿದ ಹೆಸರೇ. ಆದರೆ ಅದನ್ನು ಅಷ್ಟು ಕಷ್ಟಪಟ್ಟು ಯಾರೂ ನನಗೆ ಕೊಟ್ಟಿರಲಿಲ್ಲ.

ಹಾಗಾದರೆ ಕೆಟ್ಟುಹೋದ ಮೊದಲ ಭೇಟಿಗೆ ಮದ್ದಿಲ್ಲವೇ? ಇದೆ. ಆದರೆ ಅದು ದುಬಾರಿ: ತಪ್ಪು ಒಪ್ಪಿಕೊಳ್ಳಬೇಕು, ಪುನಃ ಹೋಗಬೇಕು, ಅವರು ಬಾಗಿಲು ತೆರೆಯುವ ತನಕ ಕಾಯಬೇಕು. ಮೊದಲ ದಿನವೇ ಒಂದು ಹೆಸರು ಕೇಳುವುದು ಅದಕ್ಕಿಂತ ಎಷ್ಟೋ ಸುಲಭ!

ಈ ವಾರ ಮನೆಯಲ್ಲಿ ಜಪಸರದ ಬಳಿಕ ಎಲ್ಲರೂ ಕೂಡಿ ಚಿಂತಿಸಲು ಮೂರು ಪ್ರಶ್ನೆಗಳು:

ನಮ್ಮ ವಾಳೆಯಲ್ಲಿ ಮುಖ ಗೊತ್ತಿದ್ದು ಹೆಸರು ಗೊತ್ತಿಲ್ಲದವರು ಯಾರು ಯಾರು?

ನಮ್ಮ ಮನೆಗೆ ಬಂದ ಯಾರನ್ನಾದರೂ ಬಟ್ಟೆ, ಭಾಷೆ ಅಥವಾ ಕಾಯಿಲೆಯನ್ನು ನೋಡಿ ಬೇರೆಯಾಗಿ ನಡೆಸಿಕೊಂಡಿದ್ದೇವೆಯೇ?

ಕೆಟ್ಟುಹೋದ ಯಾವ ಮೊದಲ ಭೇಟಿಯನ್ನು ಸರಿಪಡಿಸಲು ನಾನು ಈ ತಿಂಗಳು ಪುನಃ ಹೋಗಬೇಕಾಗಿದೆ?

ಬಾರ್ತಿಮಾಯನ ಕೂಗಿಗೆ ನಿಂತ ಪ್ರಭು ನಮಗೂ ನಿಲ್ಲುವ ವ್ಯವಧಾನವನ್ನು ಕೊಡಲಿ.